ಟೆಲಿಫೋನ್ ಚಿರೋಯ್

ನನ್ನ ಗಿರಣಿಗೆ ಬೋರ್ಡಿಲ್ಲ, ಬೇಕಾಗಿಯೂ ಇಲ್ಲ. ಪಾಚಾಹ್ ಊರಿನಲ್ಲಿ ಯಾವ ಹೆಂಗಸನ್ನು ಕೇಳಿದರೂ ‘ಟೆಲಿಫೋನ್ ಗಿರಣಿ’ ಎಂದು ಕೈ ಮಾಡಿ ತೋರಿಸುತ್ತಾಳೆ. ಸುಣ್ಣದ ನೀರಿನಲ್ಲಿ ಬೇಯಿಸಿದ ಮೆಕ್ಕೆಜೋಳದ ಬೇಸಿನ್ನು ತಲೆಯ ಮೇಲೆ ಹೊತ್ತು ಬೆಳಿಗ್ಗೆ ಬಂದು ನಿಲ್ಲುತ್ತಾರೆ. ಸರದಿ ಉದ್ದವಾಗಿದ್ದರೆ ‘ಏನು, ಲೈನು ಬಿಜಿಯಾ?’ ಎನ್ನುತ್ತಾರೆ. ಇಪ್ಪತ್ತೆಂಟು ವರ್ಷದಿಂದ ಅದೇ ತಮಾಷೆ, ಅದಕ್ಕೆ ನಗುವವರೂ ಅವರೇ. ನಾನು ಮುಖ ಗಂಟಿಕ್ಕಿಕೊಂಡು ಹಿಟ್ಟು ಬೀಸಿ ಕೊಡುತ್ತಿದ್ದೆ.

ಎಲ್ಲ ನನ್ನ ಹೆಸರಿನ ಪ್ರತಾಪ. ಕಾಗದದಲ್ಲಿ ನಾನು ತೆಲೆಸ್ಫೋರೋ ಚಿರೋಯ್. ಈ ಹೆಸರು ಬಾಯಿಗೆ ಬಂದ ಕೂಡಲೇ ಟೆಲಿಫೋನ್ ಆಗದೆ ಇನ್ನೇನಾದೀತು?

ಹೋದ ವರ್ಷ ನನಗೆ ಮೊಮ್ಮಗ ಹುಟ್ಟಿದ. ನಮ್ಮ ಕಕ್ಚಿಕೆಲ್ ಜನರಲ್ಲಿ ಮೊಮ್ಮಗ ಅಜ್ಜನ ಹೆಸರು ಹೊರುತ್ತಾನೆ. ಬರಿಯ ನೆನಪಿಗಲ್ಲ. ಅವನು ಅಜ್ಜನ ಕೆಶೆಲ್, ಅಂದರೆ ಬದಲಿಗೆ ಬಂದವನು, ಅಜ್ಜ ಎದ್ದುಹೋದ ಜಾಗದಲ್ಲಿ ಕೂರುವವನು. ಹಾಗಾಗಿ ಈ ಹಸುಗೂಸು ನನ್ನ ಹೆಸರು ಹೊರಬೇಕು. ಊರು ಇನ್ನೂ ಎಪ್ಪತ್ತು ವರ್ಷ ‘ಹಲೋ ಹಲೋ’ ಎನ್ನಬೇಕೇ? ನನ್ನ ಪ್ರಾಣ ಹೋದರೂ ಸರಿ, ಅದಾಗದು ಎಂದು ಹಟ ಹಿಡಿದೆ. ಮೊದಲು ನನ್ನ ಹೆಸರನ್ನು ಕಾಗದದಲ್ಲಿ ಸರಿ ಮಾಡಿಸುತ್ತೇನೆ, ಆಮೇಲೆ ಮಗುವಿನದು ಬರೆಸೋಣ ಎಂದು ಸೊಸೆ ಓದಿಲ್ಯಾಗೆ ಹೇಳಿದೆ. ಮಗುವನ್ನು ನೋಂದಾಯಿಸಲು ಅರವತ್ತು ದಿನ ಗಡುವಿತ್ತು. ನನ್ನ ಸರಿಯಾದ ಹೆಸರು ನಿಕಾನೋರ್.

ನಿಕಾನೋರ್ ಚಿರೋಯ್ ನನ್ನ ಅಜ್ಜ. ದೊಡ್ಡ ತೋಟದ ಕೂಲಿಯಾಗಿದ್ದವನು. ಬೀಳುಬಿದ್ದ ಜಮೀನನ್ನು ಉಳುವವರಿಗೆ ಹಂಚುವ ಕಾಯಿದೆ ಬಂದಾಗ ಊರಿನಲ್ಲಿ ಸಮಿತಿ ಕಟ್ಟಿದರು. ಬರೆಯಲು ಬರುತ್ತಿದ್ದವನು ಅಜ್ಜ ಒಬ್ಬನೇ, ಅವನನ್ನೇ ಕಾರ್ಯದರ್ಶಿ ಮಾಡಿದರು. ಎರಡು ಬೆಳೆ ತೆಗೆದರು. ಐವತ್ತನಾಲ್ಕರಲ್ಲಿ ಆ ಕಾಯಿದೆ ತಂದ ಸರ್ಕಾರವೇ ಉರುಳಿತು. ಎಲ್ಲಿಂದಲೋ ಮಾತಾಡುವ ರೇಡಿಯೋ, ಭಾರಿ ಸೈನ್ಯ ಬರುತ್ತಿದೆ ಎಂದು ದಿನವೂ ಹೇಳಿತು. ವಿಮಾನಗಳು ಕಾಗದ ಚೆಲ್ಲಿದವು, ಆಮೇಲೆ ಬಾಂಬು ಹಾಕಿದವು, ಅಧ್ಯಕ್ಷರು ದೇಶ ಬಿಟ್ಟರು. ಆ ಭಾರಿ ಸೈನ್ಯ ಎಂಬುದು ನಾಲ್ಕೈದು ಲಾರಿ ಜನವೆಂದೂ, ರೇಡಿಯೋ, ವಿಮಾನ, ಹಣ ಎಲ್ಲ ಉತ್ತರದ ದೊಡ್ಡ ದೇಶದ ಬಿಳಿಯರದ್ದು, ಗ್ರಿಂಗೋಗಳದ್ದೆಂದೂ ನಮಗೆ ತಿಳಿಯಲು ನಲವತ್ತು ವರ್ಷ ಬೇಕಾಯಿತು. ಅಜ್ಜನಿಗೆ ಒಂದು ತಿಂಗಳೂ ಸಿಗಲಿಲ್ಲ. ಹೊಸ ಸರ್ಕಾರದವರು ಅವನನ್ನು ಲಾರಿ ಹತ್ತಿಸಿಕೊಂಡು ಹೋದರು, ವಾಪಸು ತರಲಿಲ್ಲ.

ಅದಾಗಿ ಮೂರು ವರ್ಷಕ್ಕೆ ನಾನು ಹುಟ್ಟಿದೆ. ಅಜ್ಜಿ ತೋಮಾಸಾ ನನ್ನನ್ನು ಸೆರಗಿನಲ್ಲಿ ಕಟ್ಟಿಕೊಂಡು ಮೂರು ಗಂಟೆ ನಡೆದು ಪೇಟೆಯ ನೋಂದಣಿ ಕಚೇರಿಗೆ ಹೋದಳು. ಅಲ್ಲಿ ಗುಮಾಸ್ತ ದೋನ್ ಎವಾರಿಸ್ತೋ ಕೂತಿದ್ದರು. ಅವರು ಲದಿನೋ, ಅಂದರೆ ಸ್ಪ್ಯಾನಿಷ್ ಆಡುವ ಪೇಟೆ ಜನ, ನಮ್ಮವರಲ್ಲ. ಮಗುವಿನ ಹೆಸರು ನಿಕಾನೋರ್ ಎಂದು ಅಜ್ಜಿ ಹೇಳಿದಳು. ಅವರು ಬರೆದರು, ಮುದ್ರೆ ಒತ್ತಿದರು, ಅವಳು ಸಂತೋಷದಿಂದ ಮನೆಗೆ ಬಂದಳು. ಅವಳಿಗೆ ಓದು ಬಾರದು.

ಮನೆಯಲ್ಲಿ ನಾನು ನಿಕಾನೋರನೇ. ಅಜ್ಜಿಯ ಪಾಲಿಗಂತೂ ಗಂಡನೇ. ಅಡುಗೆಮನೆಯಿಂದ ‘ರೀ, ಮೂಗು ಒರೆಸ್ಕೊಳ್ಳಿ, ಅಸಹ್ಯವಾಗಿ ಕಾಣ್ತಿದೀರ’ ಎಂದು ಮೂರು ವರ್ಷದ ನನ್ನನ್ನು ಗದರುತ್ತಿದ್ದಳು. ಅಜ್ಜನ ಪುಟ್ಟ ಮರದ ಪೀಠದಲ್ಲಿ ನಾನು ಮಾತ್ರ ಕೂರಬಹುದಿತ್ತು. ಅಪ್ಪ ಕೂರುವಂತಿರಲಿಲ್ಲ.

ಶಾಲೆಗೆ ಸೇರಿದ ಮೇಲೆ ಬಂಡವಾಳ ಬಯಲಾಯಿತು. ಮೇಷ್ಟರು ಮೂರು ದಿನ ತೆಲೆಸ್ಫೋರೋ ಚಿರೋಯ್ ಎಂದು ಹಾಜರಿ ಕೂಗಿದರು. ಯಾವನಪ್ಪಾ ಈ ಸೋಮಾರಿ ಎಂದು ನಾನೂ ತಿರುಗಿ ತಿರುಗಿ ನೋಡಿದೆ. ನಾಲ್ಕನೆಯ ದಿನ ಮೇಷ್ಟರು ನನ್ನ ಕಿವಿ ಹಿಡಿದು, ಅದು ನೀನೇ ಎಂದರು. ಸಂಜೆಯೊಳಗೆ ನಾನು ಟೆಲಿಫೋನ್ ಆಗಿದ್ದೆ.

ಅಜ್ಜಿ ಮಾರನೆಯ ದಿನವೇ ಕಚೇರಿಗೆ ಹೋಗಿ ಬಾಯಿಗೆ ಬಂದಂತೆ ಬೈದಳು. ದೋನ್ ಎವಾರಿಸ್ತೋ ಗೋಡೆಯ ಪಂಚಾಂಗ ತೋರಿಸಿದರಂತೆ. ಜನವರಿ ಐದು, ಸಂತ ತೆಲೆಸ್ಫೋರೋನ ದಿನ. ಹುಟ್ಟಿದ ದಿನದ ಸಂತನ ಹೆಸರು ಇಡುವುದೇ ಪದ್ಧತಿ, ಬರೆದದ್ದು ಬರೆದಾಯಿತು, ಹೋಗು ಎಂದರಂತೆ. ನನ್ನೊಬ್ಬನಿಗೇ ಆದ ಗತಿಯೂ ಅಲ್ಲ. ನಮ್ಮ ಊರಿನಲ್ಲಿ ನನ್ನ ವಾರಿಗೆಯವರಲ್ಲಿ ಎಪಿಫಾನಿಯೋ ಇದ್ದಾನೆ, ಕ್ರಿಸೋಗೊನೋ ಇದ್ದಾನೆ, ಪೋಲಿಕಾರ್ಪೋ ಇದ್ದಾನೆ. ಪೋಲಿಕಾರ್ಪೋನನ್ನು ಪೋಲಿ ಎಂದೇ ಕರೆಯುವುದು, ಪಾಪ, ಅವನಷ್ಟು ಸಾಧು ಇನ್ನೊಬ್ಬನಿಲ್ಲ. ಗುಮಾಸ್ತ ಕುಡಿದು ಕೂತು ಬರೆಯುತ್ತಾನೆ ಎಂದು ಊರೆಲ್ಲ ಆಡಿಕೊಂಡಿತು.

ಅಜ್ಜಿ ಮಾತ್ರ ಮರೆಯಲಿಲ್ಲ. ತನ್ನ ಗಂಡನನ್ನು ಆ ಲದಿನೋ ಎರಡನೇ ಸಲ ಕೊಂದ ಎಂದಳು. ಆಮೇಲೆ ಸಂತೆಗೆ ಹೋದಾಗಲೆಲ್ಲ ಅವರ ಮನೆಯ ಬಾಗಿಲಿನ ಚೌಕಟ್ಟಿಗೆ ಒಂದು ಸಲ ಉಗಿದೇ ಮುಂದಕ್ಕೆ ಹೋಗುತ್ತಿದ್ದಳು. ಸಾಯುವ ವರ್ಷದವರೆಗೂ ಒಂದು ಸಂತೆಯನ್ನೂ ತಪ್ಪಿಸಲಿಲ್ಲ.

ನನಗೆ ಹೊಟ್ಟೆಕಿಚ್ಚಿದ್ದದ್ದು ದೊಡ್ಡಪ್ಪನ ಮಗನ ಮೇಲೆ. ಅವನು ನನಗಿಂತ ಎರಡು ವರ್ಷ ದೊಡ್ಡವನು. ದೊಡ್ಡಪ್ಪ ಕರಾವಳಿಯ ಕಬ್ಬಿನ ತೋಟದಲ್ಲಿದ್ದಾಗ ಹುಟ್ಟಿದ, ಅಲ್ಲಿಯ ಗುಮಾಸ್ತ ಹೇಳಿದ್ದನ್ನು ಹೇಳಿದಂತೆ ಬರೆದ. ನಿಕಾನೋರ್ ಚಿರೋಯ್. ಆಮೇಲೆ ಅವರು ಊರಿಗೆ ಬಂದು ನಮ್ಮ ಪಕ್ಕದಲ್ಲೇ ಮನೆ ಕಟ್ಟಿದರು. ಜಗಳವಾದಾಗ ಅವನು ಗುರುತಿನ ಚೀಟಿ ತೆಗೆದು ನನ್ನ ಮೂಗಿನ ಮುಂದೆ ಆಡಿಸುತ್ತಿದ್ದ. ‘ನೋಡೋ, ನಾನು ಅಜ್ಜ. ನೀನು ಫೋನು.’ ನಗಿಸಿ ನಗಿಸಿ ಜಗಳ ಮುಗಿಸುತ್ತಿದ್ದ. ನನ್ನ ಜೀವದ ಗೆಳೆಯ.

ಎಂಬತ್ತೊಂದು, ಸೈನ್ಯ ಹಳ್ಳಿಗಳಿಂದ ಜನರನ್ನು ಹಿಡಿದೊಯ್ಯುತ್ತಿದ್ದ ವರ್ಷ. ಒಂದು ಬೆಳಿಗ್ಗೆ ಇಬ್ಬರೂ ಬಸ್ಸಿನಲ್ಲಿ ಕಾಫಿ ಕೊಯ್ಲಿಗೆ ಹೊರಟಿದ್ದೆವು. ತಿರುವಿನಲ್ಲಿ ಸೈನಿಕರು ಬಸ್ಸು ನಿಲ್ಲಿಸಿ ಗಂಡಸರನ್ನೆಲ್ಲ ಇಳಿಸಿ ಸಾಲು ನಿಲ್ಲಿಸಿದರು. ಒಬ್ಬನ ಕೈಯಲ್ಲಿ ಪಟ್ಟಿ. ನನ್ನ ಚೀಟಿಯನ್ನು ಅವನು ಕೂಡಿಸಿ ಕೂಡಿಸಿ ಓದಿದ, ತೆ-ಲೆಸ್-ಫೋ-ರೋ. ಪಕ್ಕದವನು ಮುಷ್ಟಿಯನ್ನು ಕಿವಿಗಿಟ್ಟುಕೊಂಡು ‘ಹಲೋ, ಯಾರು ಮಾತಾಡೋದು?’ ಎಂದ. ಇಬ್ಬರೂ ನಕ್ಕರು, ಹೋಗು ಎಂದರು. ನನ್ನ ಹಿಂದೆ ನಿಕಾನೋರ್. ಪಟ್ಟಿಯ ಮೇಲೆ ಇಳಿಯುತ್ತಿದ್ದ ಬೆರಳು ಒಂದು ಕಡೆ ನಿಂತಿತು. ಅವನನ್ನು ಪಕ್ಕಕ್ಕೆ ಕರೆದರು. ಅವನ ಕೈಯಲ್ಲಿ ಬುತ್ತಿಯ ಗಂಟಿತ್ತು, ಅವನಮ್ಮ ಕಟ್ಟಿಕೊಟ್ಟ ತಮಾಲೆ ಕಡುಬು ಇನ್ನೂ ಬಿಸಿಯಾಗಿತ್ತು. ಅದನ್ನು ನನ್ನ ಕೈಗೆ ಕೊಟ್ಟ.

‘ಹಿಡ್ಕೋ, ಬಂದೆ’ ಎಂದ.

ಬರಲಿಲ್ಲ. ಬುತ್ತಿಯನ್ನು ಹಾಗೆಯೇ ದೊಡ್ಡಮ್ಮನಿಗೆ ತಂದು ಕೊಟ್ಟೆ. ಅವನು ಸಹಕಾರ ಸಂಘದಲ್ಲಿ ಓಡಾಡುತ್ತಿದ್ದ, ಅದಕ್ಕೇ ಹಿಡಿದರು ಎಂದುಕೊಂಡೆವು. ಸಂಘದಲ್ಲಿ ನಾನೂ ಇದ್ದೆ. ನನ್ನನ್ನೇಕೆ ಬಿಟ್ಟರು ಎಂದು ಮೂವತ್ತು ವರ್ಷ ಯೋಚಿಸಿದೆ, ಉತ್ತರ ಹೊಳೆಯಲಿಲ್ಲ.

ಈಗ ಮೊಮ್ಮಗನ ವಿಷಯ. ಪೇಟೆಯ ವಕೀಲರು, ಹುಟ್ಟಿನ ದಾಖಲೆ ಬರೆದ ಗುಮಾಸ್ತ ಬದುಕಿದ್ದರೆ ಕೆಲಸ ಸಲೀಸು, ತಪ್ಪಾಗಿ ಬರೆದೆ ಎಂದು ಅವನು ಸಹಿ ಹಾಕಿದರೆ ಸಾಕು ಎಂದರು. ಬದುಕಿದ್ದಾರೆಯೇ ಎಂದು ವಿಚಾರಿಸಿದರೆ, ಎಂಬತ್ತೈದು ದಾಟಿ ಮಗಳ ಜೊತೆ ಅದೇ ಮನೆಯಲ್ಲಿದ್ದಾರೆ. ವಕೀಲರು ಒಂದು ಹಾಳೆ ಟೈಪು ಮಾಡಿ ಕೊಟ್ಟರು. ಗಡುವಿಗೆ ಇನ್ನು ಒಂಬತ್ತು ದಿನವಿತ್ತು. ಗಿರಣಿ ಮುಚ್ಚಿ, ಇಸ್ತ್ರಿ ಅಂಗಿ ತೊಟ್ಟು ಹೋದೆ. ಆ ಬಾಗಿಲಿನ ಹತ್ತಿರ ಹೋದಾಗ ಅಜ್ಜಿಯ ಅಭ್ಯಾಸ ನನ್ನ ಬಾಯಲ್ಲೂ ನೀರೂರಿಸಿತು, ಕೆಲಸವಾಗಲಿ ಎಂದು ನುಂಗಿಕೊಂಡೆ.

ದೋನ್ ಎವಾರಿಸ್ತೋ ಒಳಂಗಳದ ಬಿಸಿಲಿನಲ್ಲಿ ಕೂತು ಮೊರದಲ್ಲಿ ಹುರುಳಿಕಾಯಿ ಬಿಡಿಸುತ್ತಿದ್ದರು. ಕಣ್ಣು ಕಾಣಿಸುತ್ತಿರಲಿಲ್ಲ, ಬೆರಳು ಮಾತ್ರ ಚುರುಕಾಗಿದ್ದವು. ಪಾಚಾಹ್‌ನ ಚಿರೋಯ್ ಎಂದೆ.

‘ಬಾಗಿಲಿಗೆ ಉಗೀತಿದ್ದಳಲ್ಲ, ಅವಳ ಮೊಮ್ಮಗನೋ? ಕೂತ್ಕೊಳಪ್ಪ’ ಎಂದರು.

ಕೂತು, ಬಂದ ಕೆಲಸ ಹೇಳಿದೆ. ಮೊಮ್ಮಗ ಹುಟ್ಟಿದ್ದು, ಅರವತ್ತು ದಿನದ ಗಡುವು, ಟೆಲಿಫೋನ್ ಗಿರಣಿ, ಎಲ್ಲವನ್ನೂ ಹೇಳಿದೆ. ಹಾಳೆ ಓದು ಎಂದರು. ‘ಸದರಿ ಹೆಸರನ್ನು ಅಚಾತುರ್ಯದಿಂದ ತಪ್ಪಾಗಿ ನಮೂದಿಸಿರುತ್ತೇನೆ’ ಎಂಬಲ್ಲಿಗೆ ಬಂದಾಗ ಕೈ ಎತ್ತಿ ನಿಲ್ಲಿಸಿದರು.

‘ಅಚಾತುರ್ಯ ಅಲ್ಲ. ಇದಕ್ಕೆ ನಾನು ಸಹಿ ಹಾಕಲ್ಲ.’

ಹಾಗಾದರೆ ಕುಡಿದಿದ್ದಿರಿ ಎಂದು ಬರೆಸಲೇ ಎಂದು ನಾನು ಕುಟುಕಿದೆ. ಅವರು ನಗಲಿಲ್ಲ, ಕೋಪವನ್ನೂ ಮಾಡಿಕೊಳ್ಳಲಿಲ್ಲ. ಮೊರವನ್ನು ಪಕ್ಕಕ್ಕಿಟ್ಟರು.

ಐವತ್ತನಾಲ್ಕರ ಜುಲೈಯಲ್ಲಿ ರಾಜಧಾನಿಯಿಂದ ಇಬ್ಬರು ಬಂದರಂತೆ. ಒಬ್ಬ ನಮ್ಮ ದೇಶದವನು, ಇನ್ನೊಬ್ಬ ಗ್ರಿಂಗೋ. ಅವನ ಸ್ಪ್ಯಾನಿಷ್ ಬಲು ಸೊಗಸಾಗಿತ್ತಂತೆ. ಜಮೀನು ಸಮಿತಿಗಳಲ್ಲಿ ಇದ್ದವರ ಹೆಸರೆಲ್ಲ ಒಂದು ಪಟ್ಟಿಯಾಗಬೇಕು, ಮೂರು ಪ್ರತಿ ಬೇಕು ಎಂದರು. ಪೇಟೆಯಲ್ಲಿ ಟೈಪು ಬರುತ್ತಿದ್ದದ್ದು ಎವಾರಿಸ್ತೋ ಒಬ್ಬರಿಗೇ. ಆಗ ಅವರಿಗೆ ಇಪ್ಪತ್ತೇಳು ವರ್ಷ, ಕೆಲಸಕ್ಕೆ ಹೊಸಬರು. ಕಾರ್ಬನ್ ಇಟ್ಟು ಎರಡು ದಿನ ಕುಟ್ಟಿದರು. ನಿಕಾನೋರ್ ಚಿರೋಯ್ ಮೂರನೆಯ ಪುಟದಲ್ಲಿದ್ದ.

‘ಹೆಸರು, ಊರು, ವಯಸ್ಸು ಅಂತ ಮೂರು ಕಾಲಂ ಹೇಳಿದ್ರು’ ಎಂದರು. ‘ನಮ್ಮ ಮಿಷನ್ನು ಸಣ್ಣದು. ಮೂರು ಕಾಲಂ ಹಿಡಿಸ್ತಿರ್ಲಿಲ್ಲ. ಗ್ರಿಂಗೋನ ಕೇಳ್ದೆ, ವಯಸ್ಸು ಬಿಡ್ಲಾ ಅಂತ. ಬಿಡು ಅಂದ. ಬಿಟ್ಟೆ.’

ಅದರಲ್ಲೇನು ತಪ್ಪು ಎಂದು ನನಗೆ ಮೊದಲು ಹೊಳೆಯಲಿಲ್ಲ. ಅವರೇ ಬಿಡಿಸಿ ಹೇಳಿದರು. ಎರಡು ವರ್ಷದ ಮೇಲೆ ಪೊಲೀಸರು ಅದೇ ಪಟ್ಟಿ ಹಿಡಿದು ಮತ್ತೆ ಬಂದರು, ಹತ್ತೊಂಬತ್ತರ ಹುಡುಗನೊಬ್ಬನನ್ನು ಹಿಡಿದರು. ಅದು ನಾನಲ್ಲ, ತೀರಿಹೋದ ನನ್ನ ಅಜ್ಜ ಎಂದು ಹುಡುಗ ಅತ್ತ. ಪಟ್ಟಿಯಲ್ಲಿ ಹೆಸರಿದೆ, ನಿನ್ನ ಹೆಸರೂ ಅದೇ ಎಂದರು. ಎಂಟು ತಿಂಗಳ ಮೇಲೆ ಅವನು ಕುಂಟುತ್ತಾ ಮರಳಿದ.

‘ನಾವು ಸತ್ತೋರ ಹೆಸರನ್ನ ಅವರ ಜೊತೇಲೇ ಹೂತುಬಿಡ್ತೀವಿ. ನೀವು ಮಗೂಗೆ ಇಡ್ತೀರ. ಪಟ್ಟಿ ಮಾಡ್ಸಿದೋರಿಗೆ ಅದು ಗೊತ್ತಿರ್ಲಿಲ್ಲ, ನಂಗೆ ಗೊತ್ತಿತ್ತು. ಒಂದ್ಸಲ ಪಟ್ಟಿಗೆ ಹೋದ ಹೆಸರನ್ನ ಹೊಡೆದುಹಾಕೋಕೆ ಫಾರಂ ಇರ್ಲಿಲ್ಲಪ್ಪ. ಎಲ್ಲಾದಕ್ಕೂ ಫಾರಂ ಇತ್ತು, ಅದಕ್ಕೊಂದು ಇರ್ಲಿಲ್ಲ. ಹೊಸ ಪಟ್ಟಿ ಮಾಡ್ದಾಗ್ಲೂ ಹಳೇ ಹೆಸರನ್ನೇ ಇಳಿಸ್ಕೊಳ್ಳೋರು.’

ಆಮೇಲೆ ಪಾಚಾಹ್ ಕಡೆಯ ಹೆಂಗಸರು ಮಗು ಎತ್ತಿಕೊಂಡು ಬಂದು ಹೆಸರು ಹೇಳಿದಾಗಲೆಲ್ಲ, ಅದು ತಾವು ಟೈಪು ಮಾಡಿದ ಹೆಸರೇ ಎಂದು ಅವರು ಮನಸ್ಸಿನಲ್ಲಿ ನೋಡಿಕೊಂಡರು. ಅದೇ ಹೆಸರಾಗಿದ್ದರೆ ಗೋಡೆಯ ಪಂಚಾಂಗ ನೋಡಿ ಹುಟ್ಟಿದ ದಿನದ ಸಂತನ ಹೆಸರು ಬರೆದರು. ಹೇಳಿದರೆ ಮಾತು ಹೊರಗೆ ಹೋಗಿ ಕೆಲಸ ಕೆಡುತ್ತಿತ್ತು, ಅದಕ್ಕೇ ಯಾರಿಗೂ ಹೇಳಲಿಲ್ಲ. ಕುಡುಕ ಎಂಬ ಹೆಸರು ಬಂದದ್ದು ಅನುಕೂಲವೇ ಆಯಿತು ಎಂದರು. ಒಟ್ಟು ಇಪ್ಪತ್ತಮೂರು ಮಕ್ಕಳು.

ಎಪಿಫಾನಿಯೋ. ಕ್ರಿಸೋಗೊನೋ. ಪೋಲಿ. ಒಬ್ಬೊಬ್ಬರ ಮುಖವೂ ನನ್ನ ಕಣ್ಣ ಮುಂದೆ ಬಂತು. ಪೋಲಿ ಅವತ್ತು ಬೆಳಿಗ್ಗೆ ತಾನೇ ತನ್ನ ಬೇಕರಿಯ ಬ್ರೆಡ್ಡು ಕೊಟ್ಟು ಹೋಗಿದ್ದ. ಎಂಬತ್ತೊಂದರಲ್ಲಿ ನಮ್ಮ ಊರು ಕಳೆದುಕೊಂಡವರನ್ನು ಲೆಕ್ಕ ಹಾಕಲು ನನಗೆ ಆಗದು, ಉಳಿದವರ ಈ ಲೆಕ್ಕ ಯಾರೂ ಹಾಕಿರಲಿಲ್ಲ. ನಾನು ಅವರಿಗೆ ಬಸ್ಸಿನ ಕತೆ ಹೇಳಿದೆ. ಪಟ್ಟಿಯ ಮೇಲೆ ಬೆರಳು ನಿಂತದ್ದು ಹೇಳಿದೆ. ಅವನ ಹೆಸರೂ ನಿಕಾನೋರ್ ಎಂದೆ.

‘ಅವನ್ನ ಎಲ್ಲಿ ಬರೆಸಿದ್ರು?’

‘ಕರಾವಳೀಲಿ.’

ಅವರು ಮೊರವನ್ನು ತಡವಿ ಮತ್ತೆ ಎಳೆದುಕೊಂಡರು, ಕಾಯಿ ಬಿಡಿಸಲಿಲ್ಲ.

‘ಅಲ್ಲಿಯೋನು ಸರಿಯಾಗಿ ಬರೆದ’ ಎಂದರು.

ಅಜ್ಜನ ಹೆಸರನ್ನು ಪಟ್ಟಿಗೆ ಸೇರಿಸಿದ ಬೆರಳೂ ಅದೇ, ನನ್ನನ್ನು ಅದರಿಂದ ತಪ್ಪಿಸಿದ ಬೆರಳೂ ಅದೇ. ಬೈಯಬೇಕೋ ಕಾಲಿಗೆ ಬೀಳಬೇಕೋ ತಿಳಿಯಲಿಲ್ಲ. ವಯಸ್ಸಿನ ಕಾಲಂ ಒಂದಿದ್ದರೆ ನನ್ನ ಅಣ್ಣ ಅವತ್ತು ಮತ್ತೆ ಬಸ್ಸು ಹತ್ತುತ್ತಿದ್ದ. ಹಾಗೆಂದು ಆ ಕುರುಡು ಮುದುಕರ ಮೇಲೆ ಸಿಟ್ಟು ತಂದುಕೊಳ್ಳಲು ನೋಡಿದೆ, ಬರಲಿಲ್ಲ. ಬಂದದ್ದು ಕೃತಜ್ಞತೆಯೇ. ಐವತ್ತೈದು ವರ್ಷ ಉಂಡದ್ದು, ಮದುವೆಯಾದದ್ದು, ಮಗನನ್ನು ಎತ್ತಿ ಆಡಿಸಿದ್ದು, ಗಿರಣಿಯ ಮುಂದೆ ಹೆಂಗಸರಿಂದ ನಗಿಸಿಕೊಂಡದ್ದು, ಎಲ್ಲವೂ ಈ ಮನುಷ್ಯ ಒಂದು ಬೆಳಿಗ್ಗೆ ಪಂಚಾಂಗದ ಕಡೆ ಕತ್ತು ತಿರುಗಿಸಿದ್ದರಿಂದ ನನಗೆ ದಕ್ಕಿತ್ತು. ಮತ್ಯೋಷ್ ಎಂದೆ. ನಮ್ಮ ಭಾಷೆಯಲ್ಲಿ ಉಪಕಾರ ನೆನೆಯುವ ಮಾತು ಅದು, ಅವರಿಗೆ ಅರ್ಥವಾಯಿತು.

‘ಬೇಡಪ್ಪ. ನೀನೂ ಉಗಿದಿದ್ರೆ ನಂಗೆ ಸಮಾಧಾನ ಆಗ್ತಿತ್ತು’ ಎಂದರು.

ಹಾಳೆಯನ್ನು ಮಡಿಸಿ ಜೇಬಿಗಿಟ್ಟೆ. ಇಬ್ಬರೂ ಕೂತು ಮೊರದ ಕಾಯಿ ಬಿಡಿಸಿ ಮುಗಿಸಿದೆವು. ಹೊರಡುವಾಗ ಅವರ ಮಗಳ ಹತ್ತಿರ ಒಂದು ಒದ್ದೆ ಬಟ್ಟೆ ಕೇಳಿ, ಬಾಗಿಲಿನ ಚೌಕಟ್ಟನ್ನು ಕೆಳಗಿನಿಂದ ಮೇಲಿನವರೆಗೆ ಒರೆಸಿದೆ. ಆ ಬಾಗಿಲು ಎಷ್ಟು ಸಲ ಬಣ್ಣ ಕಂಡಿತ್ತೋ, ಅಜ್ಜಿಯ ಗುರುತು ಅಲ್ಲಿ ಎಲ್ಲಿಂದ ಬರಬೇಕು? ಆದರೂ ಒರೆಸಿದೆ. ಮಗಳು ಇದೇನು ಎಂದು ಕೇಳಿದಳು. ನಮ್ಮ ಮನೆಯ ಹಳೇ ಬಾಕಿ ಕೆಲಸ ಎಂದೆ.

ಎರಡು ದಿನ ಬಿಟ್ಟು ಓದಿಲ್ಯಾ ಮತ್ತು ಮಗುವಿನ ಜೊತೆ ನೋಂದಣಿ ಕಚೇರಿಗೆ ಹೋದೆ. ಈಗ ಅಲ್ಲಿ ಕಂಪ್ಯೂಟರು, ಅದರ ಹಿಂದೆ ಒಬ್ಬಳು ಚುರುಕು ಹುಡುಗಿ. ಮಗುವಿನ ಹೆಸರು ಕೇಳಿದಳು. ಓದಿಲ್ಯಾ ನನ್ನ ಮುಖ ನೋಡಿದಳು.

‘ತೆಲೆಸ್ಫೋರೋ’ ಎಂದೆ.

‘ಮಾವ, ನಿಮ್ಮ ಹೆಸರು ಸರಿ ಮಾಡ್ಸಿ ಆಮೇಲೆ ಅಂದಿದ್ರಲ್ಲ?’ ಎಂದು ಓದಿಲ್ಯಾ ಪಿಸುಗುಟ್ಟಿದಳು.

‘ಸರಿಯಾಗೇ ಇತ್ತಮ್ಮ. ನಂಗೇ ಗೊತ್ತಿರ್ಲಿಲ್ಲ.’

ಹುಡುಗಿ ಆ ಹೆಸರನ್ನು ಎರಡು ಸಲ ಕೇಳಿ ಬರೆದುಕೊಂಡಳು. ನಗು ತಡೆದುಕೊಂಡದ್ದು ಕಾಣಿಸಿತು. ನಗಮ್ಮ, ಪರವಾಗಿಲ್ಲ ಎಂದೆ. ಎರಡನೇ ಹೆಸರು ಏನಾದರೂ ಇದೆಯೇ, ಇನ್ನೊಂದು ಖಾನೆ ಖಾಲಿ ಇದೆ ಎಂದಳು.

ಆ ಖಾನೆಯ ವಿಷಯ ನನಗೆ ಗೊತ್ತಿರಲಿಲ್ಲ. ನನ್ನ ಕಾಲದಲ್ಲಿ ಅದಿರಲಿಲ್ಲ. ಅಜ್ಜಿ ಸೆರಗಿನಲ್ಲಿ ನನ್ನನ್ನು ಕಟ್ಟಿಕೊಂಡು ಮೂರು ಗಂಟೆ ನಡೆದದ್ದು ಯಾವ ಹೆಸರಿಗೆ? ಬಾಯಿ ತೆರೆದೆ, ಹೆದರಿಕೆಯಾಯಿತು, ಮುಚ್ಚಿದೆ. ಆ ಮೂರು ಪ್ರತಿಗಳಲ್ಲಿ ಒಂದಾದರೂ ಎಲ್ಲೋ ಒಂದು ಬೀರುವಿನಲ್ಲಿ ಇವತ್ತಿಗೂ ಇದ್ದೀತು. ಮಗು ಸೆರಗಿನೊಳಗೆ ಆಕಳಿಸಿತು. ಮುಂದೆ ತೆಲೆಸ್ಫೋರೋ ನಿಂತಿರುತ್ತಾನೆ, ಅವನ ಬೆನ್ನ ಹಿಂದೆ ಅಜ್ಜ ಕೂರಲಿ, ಅಣ್ಣನೂ ಕೂರಲಿ ಎಂದುಕೊಂಡೆ.

‘ನಿಕಾನೋರ್’ ಎಂದೆ.

ಹುಡುಗಿ ಕಾಗದ ತೆಗೆದು ನನ್ನ ಮುಂದಿಟ್ಟಳು. ಮುದ್ರೆ ಒತ್ತಲು ಕೈ ಎತ್ತಿದವಳನ್ನು ತಡೆದೆ.

‘ವಯಸ್ಸು ಬರೆದಿದೀಯಾಮ್ಮ?’

‘ಹುಟ್ಟಿದ ತಾರೀಖು ಇದೆಯಲ್ಲ ಯಜಮಾನ್ರೇ, ಅದೇ ವಯಸ್ಸು.’

‘ಎಲ್ಲಿದೆ, ಬೆರಳಿಟ್ಟು ತೋರಿಸು.’

ಅವಳು ಬೆರಳಿಟ್ಟು ತೋರಿಸಿದಳು. ದಿನ, ತಿಂಗಳು, ವರ್ಷ, ಮೂರೂ ಇದ್ದವು. ನಾನು ಎರಡು ಸಲ ಓದಿ, ಈಗ ಒತ್ತಮ್ಮ ಎಂದೆ.